ಸರ್ವರಿನಲ್ಲಿ ಜಾಗ

ಸಂಜೆ ಫಲಿತಾಂಶ ಹಾಕಬೇಕು, ಕಾಲೇಜಿನ ಸರ್ವರಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಅದರೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ಹಳೆಯ ವರ್ಚುವಲ್ ಮಷೀನಿನ ಡಿಸ್ಕ್ ಫೈಲು ಊದಿಕೊಂಡು ಕೂತಿತ್ತು.

“ಅದನ್ನ ಅರ್ಧಕ್ಕೆ ಇಳಿಸಿ,” ಎಂದರು ವಿಭಾಗದ ಮುಖ್ಯಸ್ಥೆ.

“ಏನಾದ್ರೂ ಕೆಟ್ರೆ? ಮೊದಲು ಒಂದು ಕಾಪಿ ಇಟ್ಕೊಳ್ಳಲಾ ಮೇಡಂ?” ಎಂದ, ಲ್ಯಾಬ್ ನೋಡಿಕೊಳ್ಳುವ ಉದಯರವಿ.

“ಬೇಡ, ಇರೋ ಜಾಗಾನೂ ತಿಂದುಬಿಡುತ್ತೆ. ನಿಮ್ಮ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ.”

ಆ ಮಾತಿಗೆ ಉಬ್ಬಿಹೋದ ಉದಯರವಿ ಊಟ ಬಿಟ್ಟು ಕೂತು ಡಿಸ್ಕನ್ನು ಅರ್ಧಕ್ಕೆ ಇಳಿಸಿದ. ಮಷೀನು ಸಲೀಸಾಗಿ ಓಡಿತು. ಆದರೆ ಸರ್ವರಿನಲ್ಲಿ ಜಾಗ ಬೆಳಿಗ್ಗೆ ಇದ್ದದ್ದಕ್ಕಿಂತ ಕಮ್ಮಿಯಾಗಿತ್ತು!

“ಯಾರೋ ಹಳೇ ಡಿಸ್ಕನ್ನ ಕಾಪಿ ಮಾಡಿಟ್ಟಿದಾರೆ ಮೇಡಂ. ನಾನಂತೂ ಅಲ್ಲ.”

ಮೇಡಂ ಮೆಲ್ಲಗೆ ಮೌಸನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಂಬಿಕೆ ಇತ್ತು ಕಣ್ರೀ… ಆದ್ರೂ ಯಾವುದಕ್ಕೂ ಇರ್ಲಿ ಅಂತ.”