ತಿರುಗದ ಸಾಲು

ಪಿಎಚ್‌ಡಿ ಮುಗಿದ ತಿಂಗಳೇ ಮೈದುನನೊಂದಿಗೆ ಲಗ್ನ ಎಂದು ಅತ್ತೆ ಗೊತ್ತುಮಾಡಿದ್ದರು. ಗಂಡನನ್ನು ಕಳೆದುಕೊಂಡಿದ್ದ ಶಾಂಭವಿಯ ಒಪ್ಪಿಗೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ಪಿಎಚ್‌ಡಿಗೆಂದು ಅವಳು ಬರೆಯುತ್ತಿದ್ದ ಗಣಿತದ ಕಂಪ್ಯೂಟರ್ ಪ್ರೋಗ್ರಾಮ್ ಮುಗಿಯುತ್ತಲೇ ಇರಲಿಲ್ಲ. ಅಡ್ಡಸಾಲಿನ ಅಂಕಿಗಳನ್ನು ಕಂಬಸಾಲಾಗಿ ತಿರುಗಿಸಿದರೆ ಮಾತ್ರ ಅದರಲ್ಲಿ ಗುಣಾಕಾರ ನಡೆಯುತ್ತಿತ್ತು. ತಿರುಗಿಸುವ ಪುಟ್ಟ ಚಿಹ್ನೆಯನ್ನು ಅವಳೇ ಅಳಿಸಿಟ್ಟಿದ್ದಳು.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಇನ್ನೂ ಎಷ್ಟು ದಿನ ಅದರ ಮುಂದ ಕುಂದರ್ತೀಯವಾ? ನನ್ನ ಮಗ ಮುದುಕ ಆಗೋತನಕ ಏನು?"

"ತಪ್ಪು ಎಲ್ಲೈತಂತ ಸಿಗವಲ್ದು ಅತ್ತಿ. ನಾಳೆ ಗೈಡ್ ಮೇಡಂ ಅವರೇ ಕುಂತು ನೋಡ್ತಾರಂತ."

"ನಾಳೆತನಕ ಯಾಕ? ಮನ್ಯಾಗ ಗಣಿತದ ಮಾಸ್ತರ ಇಲ್ಲೇನು? ರೀ, ಪೇಪರ್ ಓದಿದ್ದು ಸಾಕು, ಅದನ್ನಷ್ಟು ನೋಡ್ರಿ."

ನಿವೃತ್ತ ಮಾಸ್ತರರಾದ ಮಾವ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಬಂದು ಕುಳಿತರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಬಂತು. ಚಿಹ್ನೆ ಇರಬೇಕಾದ ಜಾಗಕ್ಕೆ ಬಂದು ಬೆರಳು ನಿಂತಿತು. ಮಾವ ತಲೆಯೆತ್ತಿ ಅವಳ ಮುಖ ನೋಡಿದರು.

"ಸಿಕ್ತೇನ್ರೀ?" ಅತ್ತೆ ಬಾಗಿಲಿಗೆ ಬಂದರು.

"ಇಲ್ಲ ಬಿಡು. ಭಾಳ ತೊಡಕೈತಿ."

"ಮೂವತ್ತು ವರ್ಷ ಏನ್ ಕಲಿಸಿದ್ರೋ!" ಎಂದು ಗೊಣಗುತ್ತ ಅತ್ತೆ ಒಳಗೆ ಹೋದರು.

ಮಾವ ಬೆರಳನ್ನು ಅಲ್ಲಿಂದ ತೆಗೆಯದೆ ಮೆಲ್ಲಗೆ ಹೇಳಿದರು:

"ಇಲ್ಲಿ ಅಳಿಸಿದ್ರ ನಿಮ್ಮ ಮೇಡಂಗ ಲಗೂನ ಗೊತ್ತಾಗ್ತೈತವಾ. ಇನ್ನೂ ಒಳಗ ಎಲ್ಲ್ಯರ ಅಳಿಸು."