ಹತ್ತು ಮೀಟರ್ ಒಳಗೆ

“ಮೌಸಿನ ಹೊಟ್ಟೆ ಬಿಚ್ಚಿ ನೋಡಿದ್ರಾ ಮೇಡಂ? ಸೆಲ್ಲಿನ ಪಕ್ಕ ಉಗುರಿನಷ್ಟು ಒಂದು ಚೂರು ಇರತ್ತೆ. ಅದನ್ನ ಲ್ಯಾಪ್‌ಟಾಪಿಗೆ ಚುಚ್ಚಿ.”

ಚುಚ್ಚಿದಳು. ಮುಕ್ಕಾಲು ಗಂಟೆಯಿಂದ ಕದಲದೆ ಕೂತಿದ್ದ ಬಾಣದ ಗುರುತು ಪರದೆಯ ಮೇಲೆ ಸರಕ್ಕನೆ ಸರಿಯಿತು. ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟಿದ್ದ ಫೋನಿನೊಳಗೆ ಸಹಾಯವಾಣಿಯ ಹೆಂಗಸು ನಕ್ಕಳು. “ಹೊಸ ಲ್ಯಾಪ್‌ಟಾಪು ಹೊಸ ಸೊಸೆ ಇದ್ದ ಹಾಗೆ. ಮೊದಲನೇ ದಿನ ಯಾರ ಜೊತೆನೂ ಸೇರಲ್ಲ. ಇನ್ನು ಹೆಡ್‌ಸೆಟ್ ಒಂದು ತಾನೆ?”

“ಹೂಂ. ಹನ್ನೊಂದಕ್ಕೆ ಡ್ಯೂಟಿ. ಮೊದಲ ದಿನವೇ ಕಸ್ಟಮರ್ ಕಾಲ್ ತಗೊಳ್ಳದೆ ಹೋದ್ರೆ ಮನೇಲೇ ಇರಮ್ಮ ಅಂತಾರೆ. ಇರೋದೇನೋ ಮನೇಲೇ.”

ಕೆಲಸ ಹೊಸದು, ಮನೆ ಹೊಸದು, ಫೋನಿನ ನಂಬರೂ ಹೊಸದು. ಮಗಳ ಕೈ ಹಿಡಿದು ಈ ಊರಿಗೆ ಬಂದು ಒಂದೂವರೆ ತಿಂಗಳು. ಗಂಡ ಸ್ನಾನಕ್ಕೆ ಇಳಿದ ಹತ್ತು ನಿಮಿಷದಲ್ಲಿ, ಮೈಮೇಲಿನ ಬಾವು ಇಳಿಯುವ ಮೊದಲೇ ಹೊರಟು ಬಂದದ್ದು. ವಿಳಾಸವನ್ನು ಹೆತ್ತ ತಾಯಿಗೂ ಕೊಟ್ಟಿರಲಿಲ್ಲ.

“ಹೆಡ್‌ಸೆಟ್ಟಿನ ಗುಂಡಿ ಒತ್ತಿ ಹಿಡ್ಕೊಳ್ಳಿ. ನೀಲಿ ದೀಪ ಮಿಟುಕಬೇಕು. ಮಿಟುಕ್ತಾ? ಈಗ ಸುತ್ತಮುತ್ತ ಇರೋವೆಲ್ಲ ಪರದೆ ಮೇಲೆ ಪಟ್ಟಿಯಾಗಿ ಬರ್ತವೆ. ಓದಿ ನೋಡೋಣ.”

“ಒಂದು ಟೀವಿ, ಮೇಲಿನ ಮನೆಯವರದ್ದಿರಬೇಕು. ಆಮೇಲೆ…”

ಅವಳು ಪರದೆಯತ್ತ ಬಾಗಿದಳು. ಪುಟ್ಟ ಹೆಡ್‌ಫೋನಿನ ಚಿತ್ರ, ಅದರ ಪಕ್ಕ ಒಂದೇ ಪದ: ಯಜಮಾನ.

ಆ ಹೆಸರಿಟ್ಟವನು ಗಂಡ. ‘ಈ ಮನೇಲಿ ಯಜಮಾನ ಯಾರು ಅಂತ ಯಂತ್ರಕ್ಕೂ ಗೊತ್ತಿರಲಿ’ ಎಂದು ತಾನೇ ಹೇಳಿ ತಾನೇ ನಕ್ಕಿದ್ದ. ಸ್ನಾನ, ನಿದ್ದೆ ಬಿಟ್ಟರೆ ಮಿಕ್ಕ ಹೊತ್ತೆಲ್ಲ ಆ ಕಪ್ಪು ಹೆಡ್‌ಫೋನು ಅವನ ಕತ್ತಿನಲ್ಲೇ ಇರುತ್ತಿತ್ತು.

“ಯಜಮಾನ… ಅಂತ ಇದೆ,” ಎಂದಳು ಪಿಸುದನಿಯಲ್ಲಿ.

“ಓ, ಯಜಮಾನ್ರದ್ದಾ? ಹಾಗಾದ್ರೆ ಇಲ್ಲೇ ಎಲ್ಲೋ ಇದಾರೆ, ಅವರನ್ನೇ ಕರ್ಕೊಳ್ಳಿ. ಹತ್ತು ಮೀಟರ್ ಆಚೆ ಇರೋದನ್ನ ಇದು ತೋರ್ಸಲ್ಲ.”

ಬಾಗಿಲಾಚೆಯ ಮೆಟ್ಟಿಲಿಗೆ ನಾಲ್ಕು ಮೀಟರ್. ಕಿಟಕಿಯ ಕೆಳಗೆ ಬೈಕುಗಳು ನಿಲ್ಲುವ ಜಾಗಕ್ಕೆ ಏಳು. ಹೆಜ್ಜೆಯ ಸದ್ದಾಗದಂತೆ ಹೋಗಿ ಎರಡೂ ಚಿಲಕ ಜಡಿದಳು. ಕಿಟಕಿಯ ಪರದೆಯ ಅಂಚು ಸರಿಸಿ ನೋಡಿದರೆ ಕೆಳಗೆ ಅಗಲ ಬೆನ್ನಿನವನೊಬ್ಬ ನಿಂತಿದ್ದ. ಅವನು ತಿರುಗುವವರೆಗೂ ಉಸಿರು ಬಿಡಲಿಲ್ಲ. ತಿರುಗಿದ. ಬೇರೆ ಯಾರೋ.

“ಮೇಡಂ, ಲೈನಲ್ಲಿದೀರಾ?”

“ಗುಬ್ಬೀ,” ಎಂದು ಮಗಳನ್ನು ಕರೆದಳು. “ಗುಬ್ಬೀ!” ಒಳಕೋಣೆಯಿಂದ ಹೂಂ ಎಂಬ ಶಬ್ದವೂ ಬರಲಿಲ್ಲ. ಓಡಿದಳು.

ಮಗಳು ಬೆನ್ನು ಹಾಕಿ ಕೂತು ಪಟಕ್ಕೆ ಬಣ್ಣ ತುಂಬುತ್ತಿದ್ದಳು. ಕಿವಿಯ ಮೇಲೆ ಅದೇ ಕಪ್ಪು ಹೆಡ್‌ಫೋನು. ಭುಜ ಮುಟ್ಟಿದ್ದೇ ಬೆಚ್ಚಿ, ಕಳಚಿ ದಿಂಬಿನ ಕೆಳಗೆ ತುರುಕಿದಳು.

“ಇದು ನಿನ್ನ ಹತ್ರ ಹೇಗೆ ಬಂತೇ?”

“ಅವತ್ತು ಅಪ್ಪ ಸ್ನಾನಕ್ಕೆ ಹೋಗಿದ್ರಲ್ಲ, ಮಂಚದ ಮೇಲಿತ್ತು. ಬ್ಯಾಗಿಗೆ ಹಾಕ್ಕೊಂಡೆ.” ಮಗಳು ತಲೆ ತಗ್ಗಿಸಿದಳು. “ಇದು ಹಾಕ್ಕೊಂಡ್ರೆ ಹೊರಗಿನ ಸದ್ದು ಏನೂ ಕೇಳಲ್ಲ ಅಂತಿದ್ರು. ಇನ್ನೊಂದ್ಸಲ ಅವರು ನಿನ್ನ ಹೊಡೆದ್ರೆ ಇರಲಿ ಅಂತ. ಚಾರ್ಜೇ ಇರ್ಲಿಲ್ಲ. ನಿನ್ನೆ ಬಂತಲ್ಲ ಲ್ಯಾಪ್‌ಟಾಪು, ಅದರ ವೈರು ಇದಕ್ಕೂ ಹಿಡೀತು.”

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳ ನೆತ್ತಿಗೆ ಮುತ್ತಿಟ್ಟು, ಹೋದ ಜೀವ ಬಂದವಳಂತೆ ಫೋನಿನ ಬಳಿ ಬಂದಳು. “ಸಿಕ್ತು. ಯಜಮಾನ್ರಿಲ್ಲ, ಬರೀ ಅವರ ಹೆಡ್‌ಫೋನು. ಮಗಳ ಕಿವೀಲಿತ್ತು.”

“ಅದಕ್ಕೇ! ಪಟ್ಟಿಯಲ್ಲಿ ಕಾಣ್ತಿದೆ ಅಂದ್ರೆ ಇನ್ನೂ ಒಂಟಿಯಾಗಿದೆ ಅಂತ. ತನ್ನ ಹಳೇ ಫೋನು ಹತ್ರ ಬಂದ್ರೆ ಸಾಕು, ತಾನಾಗೇ ಹೋಗಿ ಅಂಟ್ಕೊಂಡು ಪಟ್ಟಿಯಿಂದ ಮಾಯ. ಹಳೇ ಸಂಬಂಧ ನೋಡಿ, ಸುಲಭಕ್ಕೆ ಬಿಡಲ್ಲ. ಯಜಮಾನ್ರು ಹುಡುಕ್ತಿದ್ರೆ ಗಾಬರಿ ಬೇಡ ಅನ್ನಿ. ಇದನ್ನ ಒಂದ್ಸಲ ಆನ್ ಮಾಡಿದ್ರೆ ಎಲ್ಲಿದೆ ಅಂತ ಅವರ ಫೋನಲ್ಲಿ ನಕ್ಷೆ ಸಮೇತ ಬಂದಿರತ್ತೆ.”

ಅವಳು ಒಳಕೋಣೆಯತ್ತ ತಿರುಗಿದಳು. “ಗುಬ್ಬೀ, ಮೊದಲು ಯಾವಾಗ ಆನ್ ಮಾಡಿದೆ?”

“ನಿನ್ನೆ, ಮಲಗೋಕೆ ಮುಂಚೆ. ವೈರು ಕಿತ್ತಿದ್ದೇ ಅದೇ ಆನ್ ಆಯ್ತು,” ಒಳಗಿನಿಂದಲೇ ಹೇಳಿದಳು ಮಗಳು.

ಗಂಡನ ಊರಿನಿಂದ ಇಲ್ಲಿಗೆ ರಾತ್ರಿ ಬಸ್ಸಿನಲ್ಲಿ ಎಂಟು ಗಂಟೆ. ಈಗ ಹತ್ತೂವರೆ.

“ಆಫ್ ಮಾಡೇ! ಈಗಿಂದೀಗ ಆಫ್ ಮಾಡು!”

ಕಿರುಚಿದವಳ ಕಣ್ಣು ಪರದೆಯ ಮೇಲೇ ಇತ್ತು. ಯಜಮಾನ ಎಂಬ ಸಾಲು ಒಮ್ಮೆ ಮಸುಕಾಗಿ ಇಲ್ಲವಾಯಿತು. ಪಟ್ಟಿಯಲ್ಲಿ ಉಳಿದದ್ದು ಮೇಲಿನ ಮನೆಯ ಟೀವಿ, ಅವಳ ಆಫೀಸಿನ ಹೆಡ್‌ಸೆಟ್ಟು, ಎರಡೇ. ಅವಳು ಕುರ್ಚಿಯಲ್ಲಿ ಕುಸಿದಳು.

“ಜಾಣೆ ಕಣೇ. ಬೇಗ ಆಫ್ ಮಾಡ್ದೆ.”

ಮಗಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ತಿರುವಿ ನೋಡುತ್ತ ಬಾಗಿಲಿಗೆ ಬಂದಳು.

“ಇಲ್ಲಮ್ಮ, ಗುಂಡಿ ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೀನಿ. ಅದು ತಾನಾಗೇ ಏನೋ ಮಾತಾಡ್ತು. ‘ಕನೆಕ್ಟೆಡ್’ ಅಂತು.”