ಸಿಗಡಿ ಡಬ್ಬಿಯಲ್ಲಿದ್ದ ಪುಸ್ತಕ

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ, ಜುಲೈ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ನಾನು ಶಿಫಾರಸು ಮಾಡಿದ ಪುಸ್ತಕಕ್ಕೆ ತರಗತಿಯಲ್ಲಿ ಮೊದಲು ಯಾರೂ ಕೈ ಎತ್ತಲಿಲ್ಲ. ಒಣ ಸಿಗಡಿ ಹುರಿಯುವ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ನಾವು ಓದಿದ ಪುಸ್ತಕವನ್ನು ಇನ್ನೊಬ್ಬರು ಒಪ್ಪಿ ಒಯ್ದರೆ ಮಾತ್ರ ನಮಗೆ ಹೊಸದು ಸಿಗುತ್ತಿತ್ತು. ಅದು ಟೀಚರ್ ಮಾಡಿದ ನಿಯಮ. ಕಡಲ ಬದಿಯ ಊರು ಹೂಡೆಯಲ್ಲಿದ್ದ ನಮ್ಮ ಮನೆಯ ಮಾಡು ಮಳೆಗೆ ಸೋರುತ್ತಿತ್ತು. ಮೀನು ಮಾರುತ್ತಿದ್ದ ಅಮ್ಮ, "ಶಾಲೆಯ ಪುಸ್ತಕ ಒದ್ದೆಯಾಗಬಾರದು ಮಗಳೇ" ಎಂದು ಅದನ್ನು ಒಣ ಸಿಗಡಿಯ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಿದ್ದರು. ಪುಟಗಳು ಗರಿಗರಿಯಾಗಿಯೇ ಇದ್ದವು. ವಾಸನೆ ಮಾತ್ರ ಹಿಡಿದಿತ್ತು.

"ಇದೆಂತ, ಪುಸ್ತಕವಾ, ಸಿಗಡಿ ಸಾರಾ?" ಎಂದು ಹಿಂದಿನ ಬೆಂಚಿನ ಸುರೇಶ ಕೇಳಿದ. ಎಲ್ಲರೂ ನಕ್ಕರು.

ಟೀಚರ್ ನಗಲಿಲ್ಲ. "ಕಥೆ ಹೇಳು" ಎಂದರು. ದೋಣಿಯ ತಳದಲ್ಲಿ ಸಿಕ್ಕಿಬಿದ್ದ ಏಡಿಮರಿಯ ಕಥೆ ಹೇಳತೊಡಗಿದೆ. ದೋಣಿ ಕಡಲಿಗಿಳಿಯುವಲ್ಲಿಗೆ ಬೇಕೆಂದೇ ನಿಲ್ಲಿಸಿದೆ.

"ಆಮೇಲೆ ಎಂತಾಯಿತು?" ಪಕ್ಕದಲ್ಲಿದ್ದ ಲೀನಾ ಕೇಳಿದಳು.

"ಅದರಲ್ಲಿ ಉಂಟು. ಓದು."

"ದೊಡ್ಡ ಜನ ಮಾರಾಯ್ತಿ ನೀನು" ಎನ್ನುತ್ತಾ ಲೀನಾ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈ ಎತ್ತಿದಳು.

ಟೀಚರ್ ಕಪಾಟು ತೆರೆದು ನನ್ನನ್ನು ಕರೆದರು. ನಾನು ಹೊಸ ಪುಸ್ತಕ ಹಿಡಿದು ಬೆಂಚಿಗೆ ಮರಳಿದಾಗ ಲೀನಾ ಮೂಗು ಬಿಟ್ಟು ಮೂರನೇ ಪುಟದಲ್ಲಿದ್ದಳು.